ಬೆಂಕಿ ಇಲ್ಲದ ಮನೆಯಲ್ಲಿ ನೂರಾ ಹದಿನೆಂಟು

ನಮ್ಮ ಮನೆಯಲ್ಲಿ ಬೆಂಕಿ ಇಲ್ಲ. ಒಲೆ ಇಲ್ಲ, ಗ್ಯಾಸ್ ಸಿಲಿಂಡರ್ ಇಲ್ಲ, ಬಚ್ಚಲಲ್ಲಿ ಹಂಡೆ ಇಲ್ಲ, ದೇವರ ಮುಂದೆ ಕೂಡ ಪುಟ್ಟ ಕರೆಂಟ್ ದೀಪ. ಇದನ್ನು ನಾನು ಎಷ್ಟು ಜಂಬದಿಂದ ಹೇಳಿಕೊಂಡು ತಿರುಗುತ್ತಿದ್ದೆ ಎಂದರೆ, ಮೂಡಿಗೆರೆ ಪೇಟೆಯಲ್ಲಿ ನನಗೆ ‘ಕರೆಂಟ್ ಗಿರಿಜಕ್ಕ’ ಎಂದೇ ಹೆಸರು ಬಿದ್ದಿತ್ತು. ನಮ್ಮವ್ವ ಜೀವಮಾನವೆಲ್ಲ ಊದುಗೊಳವೆ ಊದಿ ಊದಿ ಕೊನೆಗೆ ತನ್ನ ಉಸಿರು ತಾನು ಎಳೆದುಕೊಳ್ಳಲಾರದೆ ಹೋದಳು. ನಾನು ಮನೆ ಕಟ್ಟಿಸಿದರೆ ಅದರೊಳಗೆ ಒಂದು ಬೆಂಕಿಕಡ್ಡಿಯೂ ಗೀರಬಾರದು ಎಂದು ಅವತ್ತೇ ತೀರ್ಮಾನಿಸಿದ್ದೆ.

ತಲೆ ನೋಯುತ್ತದೆ ಎಂದರೆ ಟೀವಿಯ ಸೌಂಡು ಜಾಸ್ತಿ ಮಾಡುವ ಮನೆಗಳಲ್ಲಿ ಬದುಕುತ್ತಿರುವ ಹೆಂಗಸರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಒಂದೇ ಕಡೆ ಕೂತು ಬರೆಯಲು ನನ್ನಿಂದಾಗದು. ನಾಲ್ಕು ಸಾಲಿಗೊಮ್ಮೆ ಎದ್ದು ಹೋಗಿ ಗೋಡೆ ನೋಡಿ ಬರುತ್ತೇನೆ. ಯಾಕೆಂದು ಮುಂದೆ ಗೊತ್ತಾಗುತ್ತದೆ, ಸ್ವಲ್ಪ ತಾಳಿಕೊಳ್ಳಿ.

ನಾವು ಕಾಫಿಪುಡಿ ಮಾಡಿ ಮಾರುವವರು. ಯಜಮಾನರ ಹೆಸರು ಷಡಕ್ಷರಿ. ಪೇಟೆಬೀದಿಯ ಅಂಗಡಿ ಅವರ ಅಪ್ಪ ಹಾಕಿದ್ದು. ಬೀಜ ಹುರಿಯುವುದು ಅಂಗಡಿಯ ಹಿಂದೆ, ಅದೂ ಕರೆಂಟ್ ಮಷಿನ್ನಿನಲ್ಲಿ. ಆ ವರ್ಷ ಮಳೆ ಹಿಡಿದ ವಾರದಲ್ಲೇ ಅಂಗಡಿಯ ಗೋಡಾನು ಸೋರತೊಡಗಿತು. ಹುರಿದ ಬೀಜಕ್ಕೆ ತೇವ ತಾಗಿದರೆ ಮುಗಿಯಿತು, ಮಣ್ಣು ಕುಡಿದಂತಾಗುತ್ತದೆ. ಮನೆಯಲ್ಲಿ ಬೆಚ್ಚಗೆ ಒಣಗಿಕೊಂಡಿದ್ದ ಜಾಗ ಒಂದೇ, ನಾನು ಮಲಗುವ ಕೋಣೆ. ಅಲ್ಲಿ ತೇವ ಹೀರುವ ಮಷಿನ್ನು ಇತ್ತು. ಎರಚಲು ಬರದಂತೆ ಕಿಟಕಿಯ ಸಂದುಗಳಿಗೆಲ್ಲ ನಾನೇ ಟೇಪು ಹಚ್ಚಿದ್ದೆ. ನಾಲ್ಕು ನೀಲಿ ಡ್ರಮ್ಮುಗಳೂ ಪುಡಿಮಾಡುವ ಮಷಿನ್ನೂ ಬಂದು ನನ್ನ ಮಂಚದ ಕಾಲಬದಿಗೆ ಕೂತವು. ಯಜಮಾನರು ಅವರ ಗೊರಕೆಯ ದೆಸೆಯಿಂದ ಎಂದೋ ಹಾಲಿನ ದಿವಾನಕ್ಕೆ ವರ್ಗವಾಗಿದ್ದರು. ಹಾಗಾಗಿ ಕೋಣೆ ಪೂರ್ತಿ ನನ್ನದು, ಡ್ರಮ್ಮುಗಳೂ ನನ್ನವು.

“ಮುಚ್ಚಳ ಬಿಗಿ ಮಾಡ್ಬೇಡ ಕಣೆ, ಸಡಿಲ ಇಡು. ಬೀಜ ಉಸ್ರು ಬಿಡ್ಬೇಕು,” ಎಂದು ಯಜಮಾನರು ದಿನಾ ಹೇಳುತ್ತಿದ್ದರು. ಇದು ಅವರಪ್ಪ ಹಾಕಿಕೊಟ್ಟ ಪಾಠ. ಆಗಷ್ಟೇ ಹುರಿದದ್ದನ್ನು ಪ್ಯಾಕ್ ಮಾಡಿದರೆ ಪ್ಯಾಕೆಟ್ಟು ಬಲೂನಿನ ಹಾಗೆ ಊದಿಕೊಳ್ಳುತ್ತದೆ. ಅದಕ್ಕೇ ಎರಡು ದಿನ ಬಿಡಬೇಕು, ಆಮೇಲೆ ಪುಡಿ, ಆಮೇಲೆ ಪ್ಯಾಕು. ನಾನು ಮಧ್ಯಾಹ್ನ ಊಟ ಮುಗಿಸಿ ಬಾಗಿಲು ಹಾಕಿಕೊಂಡು ಪುಡಿ ಮಾಡಿ, ತೂಗಿ, ಕಟ್ಟಿ, ಅಲ್ಲೇ ಸ್ವಲ್ಪ ಅಡ್ಡಾಗುತ್ತಿದ್ದೆ. ಬಾಗಿಲು ತೆರೆದಿಟ್ಟರೆ ಘಮ ಹೋಗಿಬಿಡುತ್ತದಲ್ಲ.

ಮೊದಲು ಬಂದದ್ದು ತಲೆನೋವು. ಹಣೆಗೆ ಒದ್ದೆ ಬಟ್ಟೆ ಬಿಗಿದು ಕಟ್ಟಿದಂಥ ನೋವು. ಆಮೇಲೆ ಹೊಟ್ಟೆ ತೊಳಸುವುದು ಶುರುವಾಯಿತು. ಆಮೇಲೆ ಮರೆವು. ಸಾರಿಗೆ ಎರಡೆರಡು ಸಲ ಉಪ್ಪು ಹಾಕುತ್ತಿದ್ದೆ. ಮಗಳಿಗೆ ಫೋನ್ ಮಾಡಿ, ಅವಳು ಎತ್ತಿದ ಮೇಲೆ ಯಾಕೆ ಮಾಡಿದೆನೆಂದು ಗೊತ್ತಾಗದೆ ನಿಲ್ಲುತ್ತಿದ್ದೆ. ಮೆಟ್ಟಿಲು ಹತ್ತಿದರೆ ಎದೆ ಹೊಡೆದುಕೊಳ್ಳುವುದು ನನ್ನ ಕಿವಿಗೇ ಕೇಳುತ್ತಿತ್ತು. ಒಂದು ದಿನ ಹಾಲು ಉಕ್ಕಿ ಚೆಲ್ಲಿತೆಂದು ನೆಲದ ಮೇಲೆ ಕೂತು ಗಳಗಳ ಅತ್ತೆ. ಹಾಲಿಗೆ ಅಳುವ ಹೆಂಗಸಲ್ಲ ನಾನು. ಹಾಲು ಉಕ್ಕಿಸಿದವರನ್ನು ಅಳಿಸುವವಳು.

ಮೂಡಿಗೆರೆಯ ಡಾಕ್ಟರು ಬಿಪಿ ನೋಡಿದರು, ಸ್ವಲ್ಪ ಹೆಚ್ಚಿತ್ತು. “ಈ ವಯಸ್ಸಲ್ಲಿ ಇದೆಲ್ಲ ಇರೋದೇ ಕಣಮ್ಮ. ಬಾಗ್ಲು ಹಾಕ್ಕೊಂಡು ಚೆನ್ನಾಗಿ ರೆಸ್ಟ್ ತಗೊಳ್ಳಿ,” ಎಂದರು. ನಾನು ಹೇಳಿದ ಮಾತು ಕೇಳುವವಳು. ಬಾಗಿಲು ಹಾಕಿಕೊಂಡು ಚೆನ್ನಾಗಿ ರೆಸ್ಟ್ ತೆಗೆದುಕೊಂಡೆ. ನೋವು ಇಮ್ಮಡಿಯಾಯಿತು. ಸೈನಸ್ ಇರಬಹುದು ಎಂದರು, ಅದೇ ಕೋಣೆಯಲ್ಲಿ ಕೂತು ಕರೆಂಟ್ ಡಬ್ಬಿಯಿಂದ ಹಬೆ ಎಳೆದೆ. ಕಣ್ಣಿನವರು ಕನ್ನಡಕ ಬದಲಿಸಿದರು. ಎದುರುಮನೆಯವರು ದೃಷ್ಟಿ ತೆಗೆದರು.

ಈ ತಿರುಗಾಟದಲ್ಲಿ ಒಂದು ವಿಚಿತ್ರ ನಡೆಯುತ್ತಿತ್ತು. ಆಸ್ಪತ್ರೆಯ ಬೆಂಚಿನ ಮೇಲೆ ಟೋಕನ್ ಹಿಡಿದು ಎರಡು ತಾಸು ಕೂರುವಷ್ಟರಲ್ಲಿ ನೋವು ತಾನಾಗಿಯೇ ಇಳಿಯುತ್ತಿತ್ತು. ನನ್ನ ಹೆಸರು ಕೂಗುವ ಹೊತ್ತಿಗೆ ನಾನು ಪಕ್ಕದವರಿಗೆ ಕೊಡೆ ಮಡಚಿಕೊಟ್ಟು, ಅವರ ಮಗುವನ್ನು ಎತ್ತಿಕೊಂಡು ಆಡಿಸುತ್ತಿರುತ್ತಿದ್ದೆ. ಡಾಕ್ಟರ ಮುಂದೆ ಕೂತು “ತುಂಬಾ ನೋವು ಸಾರ್” ಎಂದರೆ ನನಗೇ ಸುಳ್ಳು ಹೇಳಿದಂತೆ ಆಗುತ್ತಿತ್ತು. ಯಜಮಾನರು ಹೊರಗೆ ಬಂದವರೇ, “ಡಾಕ್ಟ್ರ ಮುಖ ಕಂಡ್ರೆ ನಿಂಗೆ ಏನೂ ಇರಲ್ಲ. ಮನೆ ಹೊಸ್ಲು ದಾಟಿದ್ ಕೂಡ್ಲೆ ಶುರು. ಎಂತ ಕಾಯಿಲೆ ಮಾರಾಯ್ತಿ ಇದು?” ಎನ್ನುತ್ತಿದ್ದರು. ಕೆಟ್ಟ ಮನುಷ್ಯರೇನಲ್ಲ. ಅವರು ಕಂಡದ್ದನ್ನು ಹೇಳುತ್ತಿದ್ದರು, ಅಷ್ಟೇ. ಆದರೆ ಆ ಮಾತಿಗೆ ನನ್ನ ಮೈಯೆಲ್ಲ ಉರಿಯುತ್ತಿತ್ತು.

ಕೊನೆಗೆ ಸ್ಕ್ಯಾನ್ ಮಾಡಿಸಲು ಮಂಗಳೂರಿಗೆ ಹೊರಟೆವು. ಬೆಳಿಗ್ಗೆ ಎದ್ದಾಗ ತಲೆ ಎತ್ತಲಾಗದೆ, ಪ್ಲಾಸ್ಟಿಕ್ ಕವರು ಕೈಯಲ್ಲೇ ಹಿಡಿದು ಕಾರು ಹತ್ತಿದ್ದೆ. ಕೊಟ್ಟಿಗೆಹಾರಕ್ಕೆ ಬರುವಷ್ಟರಲ್ಲಿ ಮಂಜಿನ ಗಾಳಿ ಕಿಟಕಿಯಿಂದ ಮುಖಕ್ಕೆ ಹೊಡೆದು ಹೊಟ್ಟೆ ಹಸಿಯಿತು. ಹೋಟೆಲಿನಲ್ಲಿ ಕೂತು ನಾಲ್ಕು ನೀರುದೋಸೆ ತಿಂದೆ. ಯಜಮಾನರು ಒಂದು ತಿಂದು, ಕೈ ಕಟ್ಟಿಕೊಂಡು ನನ್ನನ್ನೇ ನೋಡುತ್ತಾ ಕೂತರು. “ಇನ್ನೊಂದು ಹೇಳ್ಲಾ?” ಎಂದರು. “ಹೇಳಿ,” ಎಂದೆ. ಅದನ್ನೂ ಮುಗಿಸಿ ಚಾರ್ಮಾಡಿ ಘಾಟಿ ಇಳಿದೆವು. ಮಂಗಳೂರಿನಲ್ಲಿ ಬೆರಳಿಗೆ ಕ್ಲಿಪ್ಪು ಹಾಕಿ ಆಮ್ಲಜನಕ ತೊಂಬತ್ತೆಂಟು, ಚೆನ್ನಾಗಿದೆ ಎಂದರು, ಮೆದುಳು ನೋಡಿ ಏನೂ ಇಲ್ಲ ಎಂದರು. ಏನೂ ಇಲ್ಲ ಎಂದರೆ ಸಂತೋಷವಾಗಬೇಕು. ನನಗೆ ಹೊಟ್ಟೆಗೆ ಬೆಂಕಿ ಬಿದ್ದಂತಾಯಿತು. ಏನಾದರೂ ಇದ್ದಿದ್ದರೆ ಅದಕ್ಕೊಂದು ಹೆಸರಾದರೂ ಇರುತ್ತಿತ್ತು.

ಅದಾದ ಮೇಲೆ ಚಿಕ್ಕಮಗಳೂರಿನ ಮನಸ್ಸಿನ ಡಾಕ್ಟರು. ಪಾಪ, ಮೃದು ಮನುಷ್ಯ. “ಮನೇಲಿ ಏನಾದ್ರೂ ಬೇಜಾರಾ?” ಎಂದು ಕೇಳಿದರು. “ಬೇಜಾರೇನಿಲ್ಲ, ತಲೆ ನೋಯ್ತದೆ ಅಂದ್ರೆ ಯಾರೂ ನಂಬಲ್ಲ, ಅದೇ ಬೇಜಾರು,” ಎಂದು ಕಿರುಚಿಬಿಟ್ಟೆ. ಅವರು ಅದನ್ನೇ ಬರೆದುಕೊಂಡು ಮಾತ್ರೆ ಕೊಟ್ಟರು.

ಇಷ್ಟನ್ನೂ ನಾನು ನುಂಗಿಕೊಳ್ಳುತ್ತಿದ್ದೆ. ನುಂಗಲಾಗದ್ದು ಇನ್ನೊಂದಿತ್ತು. ನಮ್ಮ ಒಬ್ಬಳೇ ಮಗಳು ಚೈತ್ರಾ ಕಳಸದ ಶಾಲೆಯಲ್ಲಿ ಟೀಚರು. ಅಳಿಯ ಅಲ್ಲೇ ಪಶು ಆಸ್ಪತ್ರೆಯಲ್ಲಿ ಕೆಲಸ. ಅವಳಿಗೆ ಆಗ ಏಳು ತಿಂಗಳು. ಚೊಚ್ಚಲು, ಬಾಣಂತನ ತವರಿನಲ್ಲಿ. ಅದಕ್ಕೆಂದೇ ಆ ಬೆಚ್ಚನೆಯ ಒಣ ಕೋಣೆಯನ್ನು ಮನಸ್ಸಿನಲ್ಲಿ ತೆಗೆದಿಟ್ಟಿದ್ದೆ. ಜುಲೈ ಕೊನೆಯಲ್ಲಿ ಬೀಗಿತ್ತಿ ಫೋನ್ ಮಾಡಿ, “ನೀವು ಮೊದ್ಲು ಹುಷಾರಾಗಿ ಗಿರಿಜಮ್ಮ. ಬಾಣಂತನ ನಾವೇ ಇಲ್ಲೇ ನೋಡ್ಕೋತೀವಿ. ಏನೂ ತಪ್ಪು ತಿಳ್ಕೋಬೇಡಿ,” ಎಂದರು. ತುಂಬ ಮರ್ಯಾದೆಯಿಂದ ಹೇಳಿದರು. ಅವರ ಮಾತಿನ ಅರ್ಥ ಇಷ್ಟೇ: ತಲೆ ನೆಟ್ಟಗಿಲ್ಲದ ಹೆಂಗಸಿನ ಕೈಗೆ ಹಸುಗೂಸು ಕೊಡುವುದು ಹೇಗೆ? ಫೋನ್ ಇಟ್ಟು, ಹಾಲಿನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಾಲಿಗೆ ಎಷ್ಟು ಸಲ ತಿರುಗಿದೆನೋ. ಸೀಮಂತಕ್ಕೆ ಮಗಳು ಬರುತ್ತಾಳಲ್ಲ, ಆಗ ನೆಟ್ಟಗೆ ನಿಂತು ತೋರಿಸುತ್ತೇನೆ ಎಂದು ಹಲ್ಲು ಕಚ್ಚಿ ಹಿಡಿದೆ.

ಚೈತ್ರಾ ಬಂದಳು. ಎರಡು ರಾತ್ರಿ ನನ್ನ ಪಕ್ಕದಲ್ಲೇ ಮಲಗಿದಳು. ಸೀಮಂತದ ಬೆಳಿಗ್ಗೆ ಎದ್ದವಳೇ ಮಂಚದ ಅಂಚಿಗೆ ಕೂತು, “ಅಮ್ಮ, ತಲೆ ಸಿಡೀತಿದೆ. ವಾಂತಿ ಬರೋ ಹಾಗಾಗ್ತಿದೆ,” ಎಂದಳು.

ನಾನು ಏನೆಂದೆ ಗೊತ್ತೇ? ಸೀರೆ ಮಡಚುತ್ತಾ, ಅವಳ ಮುಖವನ್ನೂ ನೋಡದೆ, “ಬಸುರೀಲಿ ಇದೆಲ್ಲ ಇರೋದೇ ಕಣೆ. ಏಳು, ಸ್ನಾನ ಮಾಡು,” ಎಂದೆ. ಎರಡು ತಿಂಗಳಿಂದ ಯಾವ ಮಾತು ಕೇಳಿ ನನ್ನ ಎದೆ ಸುಟ್ಟಿತ್ತೋ ಅದೇ ಮಾತು ನನ್ನ ಬಾಯಿಂದ ಸಲೀಸಾಗಿ ಬಂತು. ಅವಳು ಎದ್ದು ಸ್ನಾನಕ್ಕೆ ಹೋದಳು.

ಸೀಮಂತಕ್ಕೆ ನನ್ನ ತಂಗಿ ಸುಮಾ ಬಂದಿದ್ದಳು. ಮಲ್ಲಂದೂರಿನ ಹತ್ತಿರ ಅವಳದೊಂದು ಹೋಂಸ್ಟೇ ಇದೆ. ಬಚ್ಚಲುಗಳಲ್ಲಿ ಗ್ಯಾಸ್ ಗೀಸರ್ ಇರುವುದರಿಂದ ವಿಷಗಾಳಿ ಬಂದರೆ ಕೂಗುವ ಡಬ್ಬಿಗಳನ್ನು ತರಿಸಿದ್ದಳಂತೆ. ಒಂದು ಹೆಚ್ಚಾಗಿತ್ತು. ಮಡಿಲಕ್ಕಿಯ ಜೊತೆಗೆ ಅದನ್ನೂ ತಂದು, “ತಗಳೆ, ಗೋಡೆಗೆ ಹಾಕ್ಕೊ. ಕೋಣೆ ಎಷ್ಟು ಬೆಚ್ಚಗಿದೆ ಅಂತಾನೂ ತೋರಿಸುತ್ತೆ, ಬಾಣಂತಿ ಕೋಣೆಗೆ ಬೇಕಾಗ್ತದೆ,” ಎಂದಳು. “ನಮ್ಮನೇಲಿ ಬೆಂಕಿನೇ ಇಲ್ವಲ್ಲೇ, ವಿಷಗಾಳಿ ಎಲ್ಲಿಂದ ಬರ್ಬೇಕು?” ಎಂದು ನಕ್ಕೆ. ಬಾಣಂತಿ ಕೋಣೆ ಎಂದು ಅವಳೊಬ್ಬಳಾದರೂ ಅಂದಳಲ್ಲ, ಆ ಸಂತೋಷಕ್ಕೆ ತೆಗೆದುಕೊಂಡೆ.

ಮಾರನೆಯ ದಿನ ಊಟವಾದ ಮೇಲೆ ಅದನ್ನು ನನ್ನ ಕೋಣೆಯ ಗೋಡೆಗೆ ನೇತುಹಾಕಿದೆ. ಆ ಬೆಳಿಗ್ಗೆಯಷ್ಟೇ ಹೊಸದಾಗಿ ಹುರಿದ ಬೀಜ ಬಂದು ಡ್ರಮ್ಮು ತುಂಬಿತ್ತು, ಹಿಂದಿನದರ ಪುಡಿಯೂ ರಾಶಿ ಇತ್ತು. ಚೈತ್ರಾ ಅಲ್ಲೇ ಮಂಚದ ಮೇಲೆ ಮಲಗಿ ನಿದ್ದೆ ಹೋಗಿದ್ದಳು. ಡಬ್ಬಿಯ ಮೇಲೆ ವಿಷಗಾಳಿಯ ಅಂಕಿ ಓಡತೊಡಗಿತು. ಮೂವತ್ತು, ಅರವತ್ತು, ತೊಂಬತ್ತು. ನೂರಾ ಹದಿನೆಂಟಕ್ಕೆ ಬಂದು ನಿಂತಿತು, ಕೆಂಪು ದೀಪ ಮಿನುಗಿತು. ಅದು ಕೂಗಿ ಮಗಳನ್ನು ಎಬ್ಬಿಸಬಾರದೆಂದು ಕಿತ್ತುಕೊಂಡು ಹೊರಗೋಡಿದೆ. ಅಂಗಳದಲ್ಲಿ ಸ್ವಲ್ಪ ಹೊತ್ತಿಗೆ ಸೊನ್ನೆ. ಅಡುಗೆಮನೆಯಲ್ಲಿ ಇಂಡಕ್ಷನ್ ಮುಂದೆ ಹಿಡಿದೆ, ಸೊನ್ನೆ. ಬಚ್ಚಲಲ್ಲಿ ಸೊನ್ನೆ. ಮತ್ತೆ ಕೋಣೆಗೆ ತಂದರೆ ಅಂಕಿ ಏರತೊಡಗಿತು.

ಯಜಮಾನರು ಊಟಕ್ಕೆ ಬಂದವರು ಇನ್ನೂ ಮನೆಯಲ್ಲೇ ಇದ್ದರು. ಡಬ್ಬಿಯನ್ನು ತಿರುಗಿಸಿ ಮುರುಗಿಸಿ ನೋಡಿ, “ಬರ್ತಾ ಮಳೇಲಿ ನೆಂದಿದೆ ಮಾರಾಯ್ತಿ. ಒಳಗೆ ತೇವ ಹಿಡಿದು ಏನೇನೋ ತೋರಿಸ್ತಿದೆ,” ಎಂದರು. ನೆಂದ ಫೋನನ್ನು ಬೇರೆ ಊರಿನವರು ಅಕ್ಕಿಯಲ್ಲಿ ಹುಗಿದಿಡುತ್ತಾರಂತೆ. ನಮ್ಮ ಮನೆಯಲ್ಲಿ ಮೊದಲಿನಿಂದಲೂ ಹುರಿದ ಕಾಫಿಬೀಜದಲ್ಲಿ ಇಡುವ ಅಭ್ಯಾಸ. ವಾಚು, ರಿಮೋಟು, ಒಮ್ಮೆ ಅವರ ಕಿವಿಯ ಮಷಿನ್ನು, ಎಲ್ಲವೂ ಅಲ್ಲಿ ಹೋಗಿ ಒಣಗಿ ಬಂದಿವೆ. ಬಿಸಿಯಾರಿದ ಹೊಸ ಬೀಜದಷ್ಟು ಒಣಗಿದ್ದು ಮಳೆಗಾಲದಲ್ಲಿ ಇನ್ನೇನಿದೆ? ಅವರು ಬೆಕ್ಕಿನ ಹೆಜ್ಜೆ ಇಟ್ಟು ಕೋಣೆಯೊಳಗೆ ಹೋಗಿ ಡಬ್ಬಿಯನ್ನು ಬೆಳಿಗ್ಗೆ ತುಂಬಿದ ಡ್ರಮ್ಮಿನಲ್ಲಿ ಬೀಜದ ಮೇಲಿಟ್ಟು, ಮುಚ್ಚಳ ಎಳೆದು ಬಂದರು.

ನಾಲ್ಕೈದು ನಿಮಿಷ ಆಗಿರಬೇಕು. ಡ್ರಮ್ಮಿನೊಳಗಿಂದ ಅದು ಕಿರುಚತೊಡಗಿತು. ಪ್ಲಾಸ್ಟಿಕ್ ಡ್ರಮ್ಮು, ಮುಚ್ಚಿದ ಕೋಣೆ, ಕಿವಿ ಹರಿದುಹೋಗುವಂಥ ಸದ್ದು. ಇಬ್ಬರೂ ಒಳಗೆ ನುಗ್ಗಿದೆವು. ಯಜಮಾನರು ಮುಚ್ಚಳ ತೆಗೆದು ಡಬ್ಬಿ ಎತ್ತಿದರು. ಒಂಬೈನೂರ ತೊಂಬತ್ತೊಂಬತ್ತು. ಅದಕ್ಕಿಂತ ಹೆಚ್ಚು ತೋರಿಸಲು ಅದರಲ್ಲಿ ಜಾಗವಿರಲಿಲ್ಲ.

ನಾನು ಅಂಕಿ ನೋಡುತ್ತಿರಲಿಲ್ಲ. ಅಷ್ಟು ಸದ್ದಿಗೂ ನನ್ನ ಮಗಳು ಎದ್ದಿರಲಿಲ್ಲ.

“ಚೈತ್ರಾ! ಏ ಚೈತ್ರಾ!” ಭುಜ ಹಿಡಿದು ಅಲ್ಲಾಡಿಸಿದೆ. ಕೆನ್ನೆ ತಟ್ಟಿದೆ. ಅವಳು ಕಣ್ಣು ಅರ್ಧ ತೆರೆದು, “ಏಳಕ್ಕಾಗ್ತಿಲ್ಲಮ್ಮ,” ಎಂದು ಮತ್ತೆ ಮುಚ್ಚಿದಳು. ಇಬ್ಬರೂ ಸೇರಿ ಎತ್ತಿ, ಎಳೆದು, ಅಂಗಳಕ್ಕೆ ತಂದೆವು. ಸೋನೆ ಹನಿಯುತ್ತಿತ್ತು. ಮಳೆಯಲ್ಲೇ ಕುರ್ಚಿ ಹಾಕಿ ಕೂರಿಸಿದೆವು. ಯಜಮಾನರ ಕೈಯಲ್ಲಿ ಆ ಡಬ್ಬಿ ಇನ್ನೂ ಕಿರುಚುತ್ತಲೇ ಇತ್ತು. ಸುಮಾಳಿಗೆ ಫೋನ್ ಮಾಡಿ ನಡೆದದ್ದು ಹೇಳಿದರೆ ಅವಳು, “ಅಯ್ಯೋ ಭಾವ, ಒಳಗೆ ಕಾಲಿಡ್ಬೇಡಿ! ಹಾಗೇ ಕಾರು ಹತ್ತಿ, ಆಸ್ಪತ್ರೆಗೆ ಹೋಗಿ,” ಎಂದು ಕೂಗಿದಳು. ಯಜಮಾನರು ಡ್ರೈವ್ ಮಾಡುತ್ತಾ ದಾರಿಯುದ್ದಕ್ಕೂ ಒಂದೇ ಮಾತು ಹೇಳುತ್ತಿದ್ದರು. “ಉಸ್ರು ಬಿಡುತ್ತೆ ಅಂತ ಗೊತ್ತಿತ್ತಲ್ಲೇ. ಏನ್ ಬಿಡುತ್ತೆ ಅಂತ ನಾವ್ ಯಾರೂ ಕೇಳ್ಲಿಲ್ವಲ್ಲೇ.”

ಚಿಕ್ಕಮಗಳೂರಿನ ಆಸ್ಪತ್ರೆಯಲ್ಲಿದ್ದದ್ದು ಎಳೆಯ ವಯಸ್ಸಿನ ಡಾಕ್ಟರಮ್ಮ. “ಒಲೆ ಇದ್ಯಾ? ಗ್ಯಾಸ್ ಗೀಸರ್? ಜನರೇಟರ್?” ಎಂದು ಕೇಳಿದರು. ಎಲ್ಲಕ್ಕೂ ಇಲ್ಲ ಎಂದೆವು. “ಕಾಫಿ ಬೀಜ ಮೇಡಂ,” ಎಂದು ಯಜಮಾನರು ಅಂದಾಗ ಅವರು ಪೆನ್ನು ಕೆಳಗಿಟ್ಟು ನಮ್ಮಿಬ್ಬರನ್ನೂ ನೋಡಿದರು. ಇನ್ನೇನು, ಇಬ್ಬರನ್ನೂ ಮನಸ್ಸಿನ ಡಾಕ್ಟರ ಹತ್ತಿರ ಕಳಿಸುತ್ತಾರೆ ಎಂದುಕೊಂಡೆ. ಆದರೆ ಅವರು ನಗಲಿಲ್ಲ. ಮೊದಲು ನನಗೂ ಚೈತ್ರಾಳಿಗೂ ಆಮ್ಲಜನಕದ ಮಾಸ್ಕು ಹಾಕಿಸಿ, ರಕ್ತ ತೆಗೆಸಿ, ಆಮೇಲೆ ಮೂಲೆಗೆ ಹೋಗಿ ಫೋನಿನಲ್ಲಿ ಏನೇನೋ ಓದಿಕೊಂಡು ವಾಪಸು ಬಂದರು. “ಹೌದಂತೆ ಆಂಟಿ. ಹುರಿದ ಬೀಜದಿಂದ್ಲೂ ಈ ವಿಷಗಾಳಿ ಬರುತ್ತಂತೆ, ಪುಡಿ ಮಾಡಿದ್ರೆ ಇನ್ನೂ ಬೇಗ. ನಾನೂ ಇದೇ ಜಿಲ್ಲೆಯವಳು, ನಂಗೂ ಗೊತ್ತಿರ್ಲಿಲ್ಲ,” ಎಂದರು. ‘ನನಗೆ ಗೊತ್ತಿರಲಿಲ್ಲ’ ಎಂಬ ಮಾತನ್ನು ಒಬ್ಬ ಡಾಕ್ಟರ ಬಾಯಿಂದ ಕೇಳಿ ನನಗೆ ಎಷ್ಟು ಸಮಾಧಾನವಾಯಿತೆಂದರೆ, ಮಾಸ್ಕಿನೊಳಗೇ ಅತ್ತೆ.

ಅಳು ನಿಲ್ಲಿಸಿ ಪಕ್ಕಕ್ಕೆ ತಿರುಗಿದರೆ ಚೈತ್ರಾಳ ಹಾಸಿಗೆ. ನರ್ಸು ಅವಳ ಹೊಟ್ಟೆಯ ಮೇಲೆ ಯಂತ್ರ ಆಡಿಸುತ್ತಿದ್ದಳು. ಬರೀ ಗರಗರ ಸದ್ದು. ನಾನು ಎದ್ದು ಕೂತೆ. “ಮಲ್ಕೊಳ್ಳಿ ಅಮ್ಮ, ಮಲ್ಕೊಳ್ಳಿ,” ಎಂದು ಯಾರೋ ಗದರಿದರು. ಎಲ್ಲಿ ಮಲಗಲಿ? ನಿನ್ನೆ ಬೆಳಿಗ್ಗೆ ಅವಳು ಹೇಳಿದಾಗಲೇ ನಾನು ತಲೆ ಎತ್ತಿ ನೋಡಿದ್ದಿದ್ದರೆ. ಗರಗರ ಸದ್ದಿನ ನಡುವೆ ಟಕಟಕ ಎಂದು ಒಂದು ಸಣ್ಣ ಓಟ ಕೇಳಿಸಿತು. ನರ್ಸು ನನ್ನ ಕಡೆ ನೋಡಿ ಸೌಂಡು ಪೂರ್ತಿ ಹೆಚ್ಚಿಸಿದಳು. ಆ ಹುಡುಗಿಯ ಹೆಸರು ಕೇಳುವುದು ಮರೆತೆ. ದಿನಾ ಒಮ್ಮೆ ಅವಳಿಗೆ ಒಳ್ಳೆಯದಾಗಲಿ ಎನ್ನುತ್ತೇನೆ.

ಚೈತ್ರಾ ಮಾಸ್ಕು ಸರಿಸಿ, “ಅಮ್ಮ, ನಿಂಗೆ ಎರಡು ತಿಂಗಳಿಂದ ದಿನಾ ಹಿಂಗೇ ಆಗ್ತಿತ್ತಾ?” ಎಂದಳು. ಹೌದೆಂದು ತಲೆಯಾಡಿಸಿದೆ. ಅವಳು ಕೈ ಚಾಚಿದಳು. ಹಾಸಿಗೆಗಳ ನಡುವೆ ಸ್ಟ್ಯಾಂಡು ಅಡ್ಡ ಇತ್ತು, ಎಟುಕಲಿಲ್ಲ. ಬಾಗಿಲ ಬಳಿ ನಿಂತಿದ್ದ ಯಜಮಾನರು ಬಂದು ಆ ಸ್ಟ್ಯಾಂಡನ್ನು ಪಕ್ಕಕ್ಕೆ ಸರಿಸಿದರು. ನನ್ನ ಕಡೆ ನೋಡಲಾಗದೆ ಸ್ಟ್ಯಾಂಡನ್ನೇ ನೋಡುತ್ತಾ, “ನೀನು ಹೇಳ್ತಾನೇ ಇದ್ದೆ,” ಎಂದರು. ಅವರ ಬಾಯಿಂದ ಕ್ಷಮೆ ಎಂಬ ಪದ ಬರುವುದಿಲ್ಲ. ನನಗೆ ಅಷ್ಟೇ ಸಾಕಾಗಿತ್ತು.

ಎರಡು ದಿನಕ್ಕೆ ಆಸ್ಪತ್ರೆಯಿಂದ ಬಿಟ್ಟರು. ಕಾಯಿಲೆ ಮಾತ್ರ ಎರಡು ದಿನಕ್ಕೆ ಬಿಡಲಿಲ್ಲ. ಡ್ರಮ್ಮುಗಳು ನಾಲ್ಕೂ ಕಡೆ ತೆರೆದ ಶೆಡ್ಡಿಗೆ ಹೋದವು. ಟೇಪು ಕಿತ್ತೆ, ಎರಚಲು ಬಂದರೆ ಬರಲಿ ಎಂದು ಕಿಟಕಿ ತೆರೆದಿಟ್ಟೆ. ತಲೆನೋವು ಹೋಯಿತು, ಮರೆವು ಒಂದಿಷ್ಟು ಉಳಿದಿದೆ, ಈಗಲೂ ಎಷ್ಟೋ ಸಲ ಬೇಕಾದ ಪದ ನಾಲಿಗೆಯ ತುದಿಗೆ ಬಂದು ನಿಂತುಬಿಡುತ್ತದೆ. ಮೈಯಲ್ಲಿ ಸೇರಿಕೊಂಡ ಚಡಪಡಿಕೆ ಅಂತೂ ಇಳಿದೇ ಇಲ್ಲ. ಮಗುವಿಗೆ ಏನಾದರೂ ಆಗಿದೆಯೇ ಎಂದು ಕೇಳಿದರೆ ಡಾಕ್ಟರಮ್ಮ ಪ್ರಾಮಾಣಿಕವಾಗಿ, “ಎದೆಬಡಿತ ಚೆನ್ನಾಗಿದೆ. ಉಳಿದದ್ದು ಹುಟ್ಟಿದ ಮೇಲೇ ಹೇಳ್ಬೇಕು ಆಂಟಿ,” ಎಂದಿದ್ದರು. ಹೆರಿಗೆಯ ತನಕ ಉಳಿದಿದ್ದ ಎರಡು ತಿಂಗಳು ನಾನು ನೆಲದ ಮೇಲೆ ಕಾಲೂರಿ ನಿಂತ ನೆನಪಿಲ್ಲ. ಪ್ರತಿ ಸ್ಕ್ಯಾನಿಗೂ ಕಳಸದಿಂದ ಅವಳು, ಮೂಡಿಗೆರೆಯಿಂದ ನಾನು, ಚಿಕ್ಕಮಗಳೂರಿನ ಆಸ್ಪತ್ರೆಯಲ್ಲಿ ಮತ್ತೆ ಅಂಥದೇ ಬೆಂಚು. ಈ ಸಲ ಕಾಯುವಾಗ ನೋವು ಇಳಿಯುತ್ತಿರಲಿಲ್ಲ, ಏರುತ್ತಿತ್ತು.

ಆ ಬೆಂಚಿನ ಮೇಲೇ ಒಂದು ದಿನ ಬೀಗಿತ್ತಿಯೂ ಬಂದು ಕೂತರು. ಸ್ವಲ್ಪ ಹೊತ್ತು ಸೆರಗು ತಿರುವುತ್ತಾ ಇದ್ದು, “ಬಾಣಂತನ ನಿಮ್ಮನೇಲೇ ಆಗ್ಲಿ ಗಿರಿಜಮ್ಮ. ಅವಳಿಗೆ ನೀವೇ ಬೇಕಂತೆ,” ಎಂದರು. ಎರಡು ತಿಂಗಳಿಂದ ನಾನು ಕಾದಿದ್ದು ಈ ಮಾತಿಗೆ. ಬಂದಾಗ ನನಗೆ ಆದದ್ದು ಹೆದರಿಕೆ.

ಹೆಣ್ಣುಮಗು. ಹುಟ್ಟಿದ ತಕ್ಷಣ ಇಡೀ ವಾರ್ಡಿಗೆ ಕೇಳುವಂತೆ ಕಿರುಚಿತು. ಡಾಕ್ಟರು ಕೈಕಾಲು ಮಡಚಿ, ಬಿಚ್ಚಿ, ಕಣ್ಣಿಗೆ ಬೆಳಕು ಬಿಟ್ಟು ನೋಡಿ, ಸರಿಯಾಗಿದೆ ಎಂದರು. ತಿಂಗಳಿಗೊಮ್ಮೆ ತಂದು ತೋರಿಸಿ ಎಂದರು, ತೋರಿಸುತ್ತಿದ್ದೇವೆ. ಕತ್ತು ನಿಂತಿದೆ, ನೋಡಿ ನಗುತ್ತದೆ, ನನ್ನ ಕನ್ನಡಕ ಕೀಳುತ್ತದೆ.

ಡಬ್ಬಿ ಈಗ ತೊಟ್ಟಿಲಿನ ಎದುರಿನ ಗೋಡೆಯ ಮೇಲಿದೆ. ಅದರಲ್ಲಿ ಸದಾ ಸೊನ್ನೆ. ಆದರೂ ದಿನಕ್ಕೆ ಇಪ್ಪತ್ತು ಸಲ ನೋಡುತ್ತೇನೆ. ಕುಕ್ಕರ್ ಕೂಗಿದರೆ ನೋಡುತ್ತೇನೆ, ಯಾರಾದರೂ ಆಕಳಿಸಿದರೆ ನೋಡುತ್ತೇನೆ. ಯಜಮಾನರು, “ಅದು ಸರಿಯಾಗಿದೆ ಮಾರಾಯ್ತಿ, ನೀನೇ ಸರಿಯಾಗ್ಬೇಕು,” ಎಂದು ಛೇಡಿಸುತ್ತಾರೆ. ನಾನಿಲ್ಲದಾಗ ಅವರೂ ಅದರ ಗುಂಡಿ ಒತ್ತಿ ಪರೀಕ್ಷೆ ಮಾಡುವುದು ನನಗೆ ಗೊತ್ತು.

ಮೊನ್ನೆ ಸಂಜೆ ಚೈತ್ರಾ ಮಗುವಿಗೆ ಹಾಲು ಕುಡಿಸುತ್ತಾ, ಕಣ್ಣು ಮುಚ್ಚಿ ಗೋಡೆಗೆ ತಲೆ ಆನಿಸಿದ್ದಳು. “ಏನಾಯ್ತೆ?” ಎಂದೆ.

“ತಲೆ ನೋಯ್ತಿದೆ. ಮೂರು ದಿನ ಆಯ್ತು.”

ನಾನು, ಯಜಮಾನರು ಇಬ್ಬರೂ ಒಟ್ಟಿಗೇ ಗೋಡೆ ನೋಡಿದೆವು. ಸೊನ್ನೆ. ಯಜಮಾನರು ಉಸಿರು ಬಿಟ್ಟು, “ಸೊನ್ನೆ ಇದೆ, ಏನೂ ಇಲ್ಲ,” ಎಂದು ಮತ್ತೆ ಪೇಪರ್ ಎತ್ತಿಕೊಂಡರು. ಚೈತ್ರಾಳೂ ಅದನ್ನೇ ನೋಡಿ, “ಹೌದಲ್ಲ, ಬಿಡಮ್ಮ. ಹಾಗಾದ್ರೆ ಏನೂ ಇಲ್ಲ,” ಎಂದಳು.

ನಾನು ಹೋಗಿ ಮಗುವನ್ನು ಎತ್ತಿ ಯಜಮಾನರ ತೊಡೆಯ ಮೇಲೆ, ಪೇಪರಿನ ಮೇಲೇ ಹಾಕಿದೆ. ಬಂದು ಮಗಳ ಎದುರು ನೆಲದ ಮೇಲೆ ಕೂತೆ. ಎಷ್ಟೋ ತಿಂಗಳಾದ ಮೇಲೆ ನೆಟ್ಟಗೆ ಒಂದು ಕಡೆ ಕೂತದ್ದು ಅದೇ ಮೊದಲು.

“ನಾನು ಗೋಡೆನ ಕೇಳ್ಲಿಲ್ಲ ಚೈತ್ರಾ, ನಿನ್ನ ಕೇಳ್ದೆ,” ಎಂದೆ. “ಎಲ್ಲಿ ನೋಯ್ತಿದೆ ಹೇಳು.”